ವಾರ್ಡ್ ಆಫ್: ತಟ್ಟುವ ಮುಂಚೆಯೇ ತಡೆ

ನಮ್ಮ ಮೇಲೆ ಬರುತ್ತಿರುವ ಕೆಡುಕನ್ನು ತಟ್ಟದ ಹಾಗೆ ಆಚೆಯಿಂದಾಚೆಗೇ ತಡೆಯುವುದು ಇಂಗ್ಲಿಷ್‌ನ ವಾರ್ಡ್ ಆಫ್ (ward off). ರೋಗ, ಸೋಂಕು, ಚಳಿ, ಸೊಳ್ಳೆ, ಏಟು, ಕೆಟ್ಟ ದೃಷ್ಟಿ ಎಲ್ಲಕ್ಕೂ ಸಲ್ಲುತ್ತದೆ. ಭೂತಕಾಲ ವಾರ್ಡೆಡ್ ಆಫ್. ಇಷ್ಟು ನಿಘಂಟಿನಲ್ಲೇ ಸಿಗುತ್ತದೆ.

ತೊಡಕಿರುವುದು ನಮ್ಮ ‘ತಡೆ’ಯಲ್ಲಿ. ಮಂಡ್ಯದವರನ್ನು ಕೇಳಬೇಕೆ? ಕಾವೇರಿ ನೀರಿಗಾಗಿ ಹೆದ್ದಾರಿ ತಡೆಯುತ್ತೇವೆ, ರೈಲು ತಡೆಯುತ್ತೇವೆ. ಊರು ಬಿಟ್ಟು ಹೊರಟ ತಮ್ಮನನ್ನು ತಡೆಯುತ್ತೇವೆ, ಮಳೆಗಾಲದಲ್ಲಿ ಜ್ವರವನ್ನೂ ತಡೆಯುತ್ತೇವೆ. ಇಷ್ಟರಲ್ಲಿ ವಾರ್ಡ್ ಆಫ್ ಒಪ್ಪುವುದು ಜ್ವರಕ್ಕೆ ಮಾತ್ರ. ಹೆದ್ದಾರಿಗೆ ಬ್ಲಾಕ್, ತಮ್ಮನಿಗೆ ಸ್ಟಾಪ್ ಅಥವಾ ಪ್ರಿವೆಂಟ್. ನಾನು ಇಟ್ಟುಕೊಂಡಿರುವ ಪರೀಕ್ಷೆ ಇಷ್ಟೇ: ಅದು ನನ್ನ ಕಡೆಗೆ ಬರುತ್ತಿದೆಯೆ? ತಗುಲಿದರೆ ಕೇಡೆ? ಎರಡಕ್ಕೂ ಹೌದಾದರೆ ಧೈರ್ಯವಾಗಿ ಬಳಸಿ. ತಮ್ಮ ಹೊರಟಿರುವುದು ಆಚೆ ಕಡೆಗೆ, ಹಾಗಾಗಿ ‘ವಾರ್ಡ್ ಹಿಮ್ ಆಫ್ ಫ್ರಮ್ ಗೋಯಿಂಗ್’ ಎಂದು ಬರೆಯುವಂತಿಲ್ಲ. ‘ಫ್ರಮ್ ಗೋಯಿಂಗ್’ ಎಂಬ ಬಾಲ ಪ್ರಿವೆಂಟ್‌ನದು. ವಾರ್ಡ್ ಆಫ್‌ಗೆ ಬರಿಯ ನಾಮಪದ ಸಾಕು.

ಉದಾಹರಣೆಗೆ ಸಂಕ್ರಾಂತಿ ಕಿಚ್ಚಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಮುಸ್ಸಂಜೆಗೆ ರಸ್ತೆಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಚ್ಚಿ ಹಾಯಿಸುತ್ತಾರಲ್ಲ, ಅದು ‘ಟು ವಾರ್ಡ್ ಆಫ್ ಈವಿಲ್’. ಕಿಚ್ಚು ಹಾಯಿಸಿದರೆ ಮೈಮೇಲಿನ ಉಣ್ಣಿ ಉದುರುತ್ತದೆ ಅನ್ನುತ್ತಾರೆ ಹಿರಿಯರು. ಆ ಮಾತಿಗೆ ಮಾತ್ರ ಇದು ಹೊಂದದು. ಉಣ್ಣಿ ಆಗಲೇ ಕಚ್ಚಿಕೊಂಡು ಕೂತಿದೆ, ಇನ್ನು ತಡೆಯುವುದೇನು? ಅದಕ್ಕೆ ‘ಗೆಟ್ ರಿಡ್ ಆಫ್’. ಅಂದಹಾಗೆ ಆ ಆಫ್‌ಗೆ ಒಂದೇ ಎಫ್, ವಾರ್ಡ್ ಆಫ್‌ಗೆ ಎರಡು. ಕನ್ನಡದಲ್ಲಿ ಬರೆದುಕೊಂಡು ಓದುವವರಿಗೆ ಇದು ಗೊತ್ತೇ ಆಗುವುದಿಲ್ಲ.

‘ಇಟ್’, ‘ದೆಮ್’ ಬಂದರೆ ನಡುವೆ ಕೂರಿಸಬೇಕು: ‘ವಾರ್ಡ್ ಇಟ್ ಆಫ್’. ‘ವಾರ್ಡ್ ಆಫ್ ಇಟ್’ ತಪ್ಪು.

ಹಾಸ್ಟೆಲ್ ವಾರ್ಡನ್ ಕೂಡ ಇದೇ ಬೇರಿನ ಪದ. ಕಾಯುವುದು, ಕಾವಲು ಎಂಬುದು ಮೂಲದ ಅರ್ಥ.

ವಾರ್ಡ್ ಆಫ್ ಪಕ್ಕದಲ್ಲೇ ಸ್ಟೇವ್ ಆಫ್ (stave off) ಕೂತಿರುತ್ತದೆ. ಎಷ್ಟೋ ಕಡೆ ಎರಡೂ ನಡೆಯುತ್ತವೆ, ಆದರೆ ಸ್ಟೇವ್ ಆಫ್‌ನಲ್ಲಿ ‘ಸದ್ಯಕ್ಕೆ’ ಎಂಬ ಛಾಯೆ ಹೆಚ್ಚು. ಬೆಂಗಳೂರಿನಿಂದ ಬರುವಾಗ ರೈಲಿನಲ್ಲಿ ಒಂದು ಮದ್ದೂರು ವಡೆ ತಿಂದರೆ ಮೈಸೂರು ಮುಟ್ಟುವವರೆಗೆ ಹೊಟ್ಟೆ ಸುಮ್ಮನಿರುತ್ತದೆ: ‘ಮದ್ದೂರು ವಡೆ ವಿಲ್ ಸ್ಟೇವ್ ಆಫ್ ಹಂಗರ್’. ಮನೆಗೆ ಹೋಗಿ ಮುದ್ದೆ ಉಣ್ಣುವುದು ತಪ್ಪುವುದಿಲ್ಲ. ದಿವಾಳಿ, ಸೋಲು ಇಂಥವಕ್ಕೂ ಇದೇ ಬಳಕೆ. ಇದರ ಭೂತಕಾಲ ಸ್ಟೇವ್ಡ್ ಆಫ್. ನಿಘಂಟಿನಲ್ಲಿ ಕಾಣುವ ಸ್ಟೋವ್ ಎಂಬ ರೂಪ ಒಡೆದು ತೂತು ಮಾಡುವುದು ಎಂಬ ಅರ್ಥದ್ದು, ಇಲ್ಲಿಗೆ ಎಳೆದು ತರಬೇಡಿ.