ಲಿವರಿಗೆ ಬಂದಿದೆ ಎಂದ ಮಾತ್ರಕ್ಕೆ

ಕರುಳಿನ ಕ್ಯಾನ್ಸರ್ ಲಿವರಿಗೂ ಹರಡಿದೆ ಎಂದು ಗೊತ್ತಾದ ದಿನವೇ ಎಷ್ಟೋ ಮನೆಯವರು ಕೈಚೆಲ್ಲಿಬಿಡುತ್ತಾರೆ. 'ಕತ್ತರಿ ಹಾಕಿಸಬೇಡಿ, ಗಾಳಿ ತಾಗಿದರೆ ಇನ್ನೂ ಹಬ್ಬುತ್ತೆ' ಎನ್ನುವವರಿಗೂ ಕೋಲಾರದಲ್ಲಿ ಬರವಿಲ್ಲ. ಗಾಳಿಗೆ ಕ್ಯಾನ್ಸರ್ ಹಬ್ಬುವುದಿಲ್ಲ. ಹೊಟ್ಟೆ ತೆರೆದಾಗ ಕಂಡದ್ದು ಮೊದಲೇ ಹಬ್ಬಿದ್ದು. ಅಪವಾದ ಮಾತ್ರ ಕತ್ತರಿಯ ಮೇಲೆ.

ಮೊದಲು ಲಿವರಿಗೇ ಏಕೆ? ಕೆ.ಸಿ. ವ್ಯಾಲಿ ನೀರು, ಅಂದರೆ ಶುದ್ಧೀಕರಿಸಿದ ಕೊಳಚೆ ನೀರು, ಬೆಂಗಳೂರಿನಿಂದ ಕೋಲಾರಕ್ಕೆ ಬಂದು ಮೊದಲು ಬೀಳುವುದು ಲಕ್ಷ್ಮೀಸಾಗರ ಕೆರೆಗೆ. ಅದು ಕೋಡಿ ಹರಿದರೆ ನರಸಾಪುರದ ಕಡೆಗೆ. ಹೂಳು ನಿಲ್ಲುವುದು ಮೊದಲ ಕೆರೆಯಲ್ಲೇ. ಕರುಳಿನ ರಕ್ತವೂ ಪೋರ್ಟಲ್ ರಕ್ತನಾಳವೆಂಬ ರಾಜಕಾಲುವೆಯಲ್ಲಿ ಲಿವರಿಗೆ ಬಂದು, ಆಮೇಲೆ ಹೃದಯ, ಶ್ವಾಸಕೋಶ ಸೇರುತ್ತದೆ. ಕಳಚಿಕೊಂಡ ಕ್ಯಾನ್ಸರ್ ಕೋಶಗಳು ಅಲ್ಲೇ ತಂಗುತ್ತವೆ. ಗುದನಾಳದ ಕೆಳತುದಿಯ ರಕ್ತ ಮಾತ್ರ ಈ ಕೆರೆ ತಪ್ಪಿಸಿ ನೇರ ಮುಂದಕ್ಕೆ ಹೋಗಬಲ್ಲದು. ಕೆಲವರಲ್ಲಿ ಕಾಯಿಲೆ ಮೊದಲ ಕೆರೆಯನ್ನು ದಾಟಿರುವುದೇ ಇಲ್ಲ. ಆಪರೇಷನ್ನಿನಿಂದ ಪೂರ್ತಿ ಗುಣವಾಗುವ ಆಸೆ ಇರುವುದು ಮುಖ್ಯವಾಗಿ ಅಂಥವರಿಗೆ.

ಗಂಟುಗಳು ಎಷ್ಟಿವೆ ಎಂಬುದಕ್ಕಿಂತ, ಎಲ್ಲ ತೆಗೆದ ಮೇಲೆ ಲಿವರ್ ಎಷ್ಟು ಉಳಿಯುತ್ತದೆ ಎಂಬುದೇ ದೊಡ್ಡ ಲೆಕ್ಕ. ಫ್ರಾನ್ಸಿನ ಸರ್ಜನ್ ಕ್ವಿನೋ 1950ರ ದಶಕದಲ್ಲಿ ಲಿವರನ್ನು 8 ಭಾಗಗಳಾಗಿ ಗುರುತಿಸಿದರು. ಪ್ರತಿ ಭಾಗಕ್ಕೂ ತನ್ನದೇ ರಕ್ತದ ಕವಲು, ಪಿತ್ತದ ಕವಲು. ಅಕ್ಕಪಕ್ಕದ ಎರಡು ಭಾಗಗಳಾದರೂ ಉಳಿಯಬೇಕು. ಆರೋಗ್ಯವಂತ ಲಿವರಾದರೆ ಸುಮಾರು ಶೇ. 20–25, ಕಿಮೋ (ಕ್ಯಾನ್ಸರಿನ ಔಷಧಿ) ಆಗಿದ್ದರೆ ಶೇ. 30, ಲಿವರ್ ಗಟ್ಟಿಯಾಗುವ ಸಿರೋಸಿಸ್ ಇದ್ದರೆ ಶೇ. 40 ಉಳಿಯಬೇಕು.

ಸಾಲದಿದ್ದರೆ? ಬೆಳೆಸಬಹುದು! ತೆಗೆಯಬೇಕಾದ ಬಲಭಾಗದ ಪೋರ್ಟಲ್ ಕವಲಿಗೆ ಚರ್ಮದ ಮೂಲಕ ಸೂಜಿ ಇಳಿಸಿ, ಅಂಟಿನಿಂದಲೋ ಸಣ್ಣ ಕಣಗಳಿಂದಲೋ ಮುಚ್ಚುತ್ತಾರೆ. ಒಂದು ತೂಬು ಮುಚ್ಚಿದರೆ ನೀರೆಲ್ಲ ಇನ್ನೊಂದು ತೂಬಿಗೆ, ಎಡಭಾಗ ದಪ್ಪವಾಗತೊಡಗುತ್ತದೆ. ಹಿಪ್ಪುನೇರಳೆಯಂತೆ ಕತ್ತರಿಸಿದ ಕಡೆ ಚಿಗುರುವುದಲ್ಲ, ಉಳಿದದ್ದೇ ಹಿಗ್ಗುವುದು. 4–6 ವಾರ ಬಿಟ್ಟು ಸಿ.ಟಿ.ಯಲ್ಲಿ ಅಳೆಯುತ್ತಾರೆ. ಆಗಲೂ ಬೆಳೆಯದ ಲಿವರನ್ನು ಕತ್ತರಿಸಿದರೆ ಕಾಮಾಲೆಯೇರಿ, ಹೊಟ್ಟೆಯಲ್ಲಿ ನೀರು ತುಂಬಿ, ಲಿವರೇ ಸೋಲಬಹುದು.

ಹೀಗೆ ಆಪರೇಷನ್ ಆದವರಲ್ಲಿ ಸುಮಾರು ಶೇ. 40ರಷ್ಟು ಜನ 5 ವರ್ಷ ದಾಟುತ್ತಾರೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಾಯಿಲೆ ಮರುಕಳಿಸುವುದೂ ನಿಜ. ಕೆಲವರಿಗೆ ಎರಡನೇ ಬಾರಿ ತೆಗೆಯಲೂ ಆಗುತ್ತದೆ.

ಲಿವರಿನ ಗಂಟುಗಳನ್ನು ತೆಗೆಯಲಾಗದೆ, ಕರುಳಿನ ಗಡ್ಡೆಯೂ ತೊಂದರೆ ಕೊಡದೆ ಇದ್ದರೆ ಅದನ್ನು ಕಿತ್ತು ಲಾಭವಿಲ್ಲ. 2021ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ ಹಾಗೆ ತೆಗೆಸಿಕೊಂಡವರ ಆಯಸ್ಸು ಹೆಚ್ಚಲಿಲ್ಲ. ಆದರೆ ಗಡ್ಡೆಯಿಂದ ಕರುಳು ಕಟ್ಟಿಕೊಂಡು, ಕೆಳಗಿನಿಂದ ಗಾಳಿ ಹೋಗದೆ, ಹೊಟ್ಟೆ ಉಬ್ಬಿ, ವಾಂತಿ ಶುರುವಾದರೆ ಬೆಳಗಾಗುವವರೆಗೆ ಕಾಯಬೇಡಿ. ದೊಡ್ಡ ಕರುಳಿನ ಆರಂಭದ ಚೀಲ 12 ಸೆಂ.ಮೀ. ಮೀರಿ ಹಿಗ್ಗಿದರೆ ಒಡೆಯುವ ಅಪಾಯವಿದೆ.

ಲಿವರ್ ಸರ್ಜನ್ನರಿಗೆ ಕಿಮೋ ಮುಗಿದ ಮೇಲಲ್ಲ, ಶುರುವಾಗುವ ಮೊದಲೇ ತೋರಿಸಿ. ಉದ್ದಕ್ಕೆ ಕೊಟ್ಟ ಕಿಮೋದಿಂದ ಲಿವರಿಗೂ ಪೆಟ್ಟು. ಸಣ್ಣ ಗಂಟುಗಳು ಸ್ಕ್ಯಾನಿನಿಂದ ಮಾಯವಾಗುತ್ತವೆ, ಕೋಶಗಳು ಮಾತ್ರ ಎಷ್ಟೋ ಸಲ ಅಲ್ಲೇ ಜೀವಂತವಾಗಿರುತ್ತವೆ. ಆಗ ಎಲ್ಲಿ ಕತ್ತರಿಸಬೇಕೆಂದು ಹೇಳುವುದು ಕಿಮೋಗೆ ಮುಂಚಿನ ಸ್ಕ್ಯಾನ್. ಅದರ ವರದಿ ಹಾಳೆಯೊಂದೇ ಸಾಲದು, ಸಿ.ಡಿ.ಯನ್ನೂ ಕೇಳಿ ಪಡೆದು ಜೋಪಾನವಾಗಿಡಿ.