ಹೋದ ವರ್ಷ ನಾಟಿದ ಇಂಜೆಕ್ಷನ್ ಈ ವರ್ಷ ಏಕೆ ನಾಟಲಿಲ್ಲ?

ಪ್ರಶ್ನೆ: ಹೋದ ವರ್ಷ ನಮ್ಮ ಎಮ್ಮೆಗೆ ಕೆಚ್ಚಲು ಬಾವು ಬಂದಾಗ ಇಂಜೆಕ್ಷನ್ ಮಾಡಿಸಿದ ಕೂಡಲೇ ಗುಣವಾಗಿತ್ತು. ಈ ಸಲ ಅದೇ ಔಷಧವನ್ನು ಅಂಗಡಿಯಿಂದ ತಂದು ಕೊಡಿಸಿದರೂ ಹಾಲಿನಲ್ಲಿ ಗಡ್ಡೆ ಬರುವುದು ನಿಂತಿಲ್ಲ. ಎಮ್ಮೆಯ ಮೈ ಆ ಔಷಧಕ್ಕೆ ಒಗ್ಗಿಹೋಗಿದೆಯೇ?
– ಓದುಗರೊಬ್ಬರು, ಕುಂದಗೋಳ ತಾಲ್ಲೂಕು

ಉತ್ತರ: ಎಮ್ಮೆಯ ಮೈ ಒಗ್ಗುವುದಿಲ್ಲ, ಕೆಚ್ಚಲಿನೊಳಗಿನ ಬ್ಯಾಕ್ಟೀರಿಯಾ ಒಗ್ಗಿರಬಹುದು. ಕೆಚ್ಚಲು ಬಾವಿಗೆ ಮುಖ್ಯ ಕಾರಣಗಳಲ್ಲಿ ಒಂದಾದ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾವನ್ನೇ ನೋಡೋಣ. ಪೆನಿಸಿಲಿನ್ ಅದರ ಕೋಶಭಿತ್ತಿ ಕಟ್ಟುವ ಕೆಲಸವನ್ನು ತಡೆದು ಅದನ್ನು ಕೊಲ್ಲುತ್ತದೆ. ಆದರೆ ಈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಪೆನಿಸಿಲಿನ್ ಅಣುವನ್ನೇ ಒಡೆದುಹಾಕುವ ಕಿಣ್ವವೊಂದನ್ನು ತಯಾರಿಸುತ್ತವೆ. ಔಷಧ ಕೊಟ್ಟಾಗ ಉಳಿದವು ಸತ್ತು ಇಂಥವು ಮಾತ್ರ ಬದುಕಿ, ತೆರವಾದ ಜಾಗದಲ್ಲಿ ತಾವೇ ಬೆಳೆಯುತ್ತವೆ. ಇಷ್ಟೇ ಆಗಿದ್ದರೆ ಚಿಂತೆ ಕಡಿಮೆಯಿತ್ತು. ಈ ಗುಣವನ್ನು ಹೊತ್ತ ವಂಶವಾಹಿಗಳು ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಉಂಗುರಗಳಲ್ಲಿ ಇರುವುದರಿಂದ, ಒಂದು ಬ್ಯಾಕ್ಟೀರಿಯಾ ಅದನ್ನು ಪಕ್ಕದ ಇನ್ನೊಂದಕ್ಕೆ, ಕೆಲವೊಮ್ಮೆ ಬೇರೆ ಜಾತಿಯದಕ್ಕೂ ದಾಟಿಸಬಲ್ಲದು. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ನಿರೋಧಕತೆ, ಅಂದರೆ ಔಷಧಕ್ಕೆ ಬಗ್ಗದ ಈ ಗುಣ, ಮನುಷ್ಯರ ರೋಗಾಣುಗಳಿಗೂ ತಲುಪಬಹುದೆಂಬ ಭಯ ಇರುವುದು ಇದರಿಂದಲೇ. ಮನುಷ್ಯರಿಗೆ ಕೊನೆಯ ಅಸ್ತ್ರದಂತೆ ಉಳಿದಿರುವ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು.

ಆದರೂ ಔಷಧ ನಾಟದಿದ್ದಾಗಲೆಲ್ಲ ನಿರೋಧಕತೆಯೇ ಕಾರಣವೆನ್ನಲಾಗದು. ಇದೇ ಸ್ಟೆಫಿಲೊಕಾಕಸ್ ಕೆಚ್ಚಲಿನ ಜೀವಕೋಶಗಳ ಒಳಗೆ ಅಡಗಿ, ಸುತ್ತ ಗಟ್ಟಿ ಕೀವುಗಂಟು ಕಟ್ಟಿಕೊಂಡರೆ ಔಷಧ ಅಲ್ಲಿಗೆ ಸಾಕಷ್ಟು ಮುಟ್ಟುವುದೇ ಇಲ್ಲ. ಈ ಸಲ ಬಾವು ತಂದ ರೋಗಾಣು ಹೋದ ವರ್ಷದ್ದಲ್ಲದೆ ಬೇರೆಯದೇ ಇರಲೂಬಹುದು.

ಯಾವುದು ನಿಜವೆಂದು ಹೇಳಬಲ್ಲದ್ದು ಹಾಲಿನ ಪರೀಕ್ಷೆ. ಅಂಗಡಿಯಲ್ಲಿ ಕೇಳಿ ಇನ್ನೊಂದು, ಮತ್ತೊಂದು ಔಷಧ ಬದಲಿಸುವುದಕ್ಕಿಂತ ಇದು ಅಗ್ಗವೂ ಹೌದು, ಸುರಕ್ಷಿತವೂ ಹೌದು ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಧ್ಯವಾದರೆ ಹೊಸ ಔಷಧ ಕೊಡುವ ಮೊದಲೇ ಮಾದರಿ ತೆಗೆಯಬೇಕು. ಈಗಾಗಲೇ ಏನೇನು ಕೊಟ್ಟಿದ್ದೀರಿ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು. ಮೊಲೆಯನ್ನು ತೊಳೆದು ಒರೆಸಿ, ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿ, ಮೊದಲ ಕೆಲವು ಧಾರೆಗಳನ್ನು ಬಿಟ್ಟು, ಆಸ್ಪತ್ರೆಯವರು ಕೊಟ್ಟ ಶುದ್ಧ ಬಾಟಲಿಯ ಬಾಯಿಗೆ ಕೈ ತಾಗದಂತೆ ಹಿಂಡಿ, ಮಂಜುಗಡ್ಡೆಯಲ್ಲಿಟ್ಟು ಬೇಗ ತಲುಪಿಸಬೇಕು. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೇಲೆ ಬೇರೆ ಬೇರೆ ಔಷಧದ ಪುಟ್ಟ ಬಿಲ್ಲೆಗಳನ್ನು ಇಡುತ್ತಾರೆ. ಯಾವ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಸಾಕಷ್ಟು ಅಗಲದ ತಿಳಿಯಾದ ವೃತ್ತ ಉಳಿಯುತ್ತದೆಯೋ ಆ ಔಷಧ ಕೆಲಸ ಮಾಡುವ ಸಂಭವ ಹೆಚ್ಚು. ಎಲ್ಲಿ ಪರೀಕ್ಷೆ ಮಾಡಿಸಬೇಕೆಂಬುದನ್ನು ನಿಮ್ಮ ಊರಿನ ಪಶುವೈದ್ಯರೇ ತಿಳಿಸುತ್ತಾರೆ.

ಚಿಕಿತ್ಸೆ ನಡೆದಾಗಿನ ಹಾಲಿನ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಔಷಧದ ಲೇಬಲ್ಲಿನಲ್ಲಿ ನಿಗದಿಪಡಿಸಿದ ಅವಧಿ ಮುಗಿಯುವವರೆಗೆ ಆ ಹಾಲನ್ನು ಡೈರಿಗೂ ಹಾಕಬಾರದು, ಮನೆಗೂ ಬಳಸಬಾರದು. ಔಷಧಕ್ಕೆ ಇಂಥ ಅವಧಿ ಖಚಿತವಾಗಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ ಎಂಬುದು ನಿಯಮ. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆಯೇ ಹೊರತು ಔಷಧದ ಅಂಶ ಪೂರ್ತಿ ಹೋಗುವುದಿಲ್ಲ. ಹೆಪ್ಪು ಹಾಕಿದರೂ ಇಂಥ ಹಾಲು ಸರಿಯಾಗಿ ಮೊಸರಾಗದಿರುವುದನ್ನು ಕೆಲವರು ಕಂಡಿರಬಹುದು. ಹೆಪ್ಪಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಆ ಔಷಧ ತಡೆಯುತ್ತದೆ. ಚೆಲ್ಲಲು ಮನಸ್ಸು ಬಾರದೆ ಅದನ್ನು ಕರುವಿಗೆ ಕುಡಿಸುವುದು ನಮ್ಮಲ್ಲಿ ರೂಢಿ. ಅಲ್ಪ ಪ್ರಮಾಣದ ಔಷಧ ದಿನವೂ ಹೊಟ್ಟೆಗೆ ಹೋಗುತ್ತಿದ್ದರೆ ಕರುವಿನ ಕರುಳಿನಲ್ಲೇ ನಿರೋಧಕ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಸಗಣಿಯ ಮೂಲಕ ಕೊಟ್ಟಿಗೆಗೂ ಹರಡುತ್ತವೆ. ಆದ್ದರಿಂದ ಕರುವಿಗೆ ಬೇರೆ ಎಮ್ಮೆಯ ಹಾಲು ಕೊಡಿ.