ನಾಲಗೆ ಹಿಡಿದ ತಪ್ಪು

ರಾಗಿ ಬಗ್ಗೆ ಒಂದು ಲೇಖನ ಬರೆದಿದ್ದೆ. ನಾಲ್ಕು ಸಲ ಓದಿ, ಎಲ್ಲ ಸರಿಯಿದೆ ಅಂದುಕೊಂಡಿದ್ದೆ. ಅಮ್ಮನಿಗೆ ಓದಿ ಹೇಳಲು ಕೂತಾಗ ನಾಲಗೆ ತಡವರಿಸಿತು. ‘ಈ ವರ್ಷ ರಾಗಿ ಬೆಲೆ ಸೊಂಪಾಗಿ ಬಂದಿದೆ’ ಅಂತ ಇತ್ತು! ‘ಬೆಳೆ’ ಆಗಬೇಕಿತ್ತು. ನಾನು ಬಳಸುವ ಕೀಲಿಮಣೆಯಲ್ಲಿ ಶಿಫ್ಟ್ ಒತ್ತದಿದ್ದರೆ ‘ಳ’ ಬದಲು ‘ಲ’ ಬೀಳುತ್ತದೆ. ‘ಬೆಲೆ’ಯೂ ಸರಿಯಾದ ಪದವೇ ಅಲ್ವಾ, ಕಂಪ್ಯೂಟರ್ ಕೆಂಪು ಗೆರೆ ಎಳೆಯಲಿಲ್ಲ. ಆದರೆ ನನ್ನ ಕಣ್ಣಿಗೆ ಏನಾಗಿತ್ತು?

ಓದುವಾಗ ಕಣ್ಣು ಸಾಲಿನುದ್ದಕ್ಕೂ ಜಾರುವುದಿಲ್ಲ, ನೆಗೆಯುತ್ತದೆ. ಒಂದೊಂದು ಕಡೆ ಸುಮಾರು ಕಾಲು ಸೆಕೆಂಡು ನಿಂತು ಮುಂದಕ್ಕೆ ಹಾರುತ್ತದೆ. ಹಾರುವಾಗ ಅಕ್ಷರ ಕಾಣುವುದಿಲ್ಲ. ನಿಂತಾಗಲೂ ಚೊಕ್ಕವಾಗಿ ಕಾಣುವ ಜಾಗ ತೀರಾ ಚಿಕ್ಕದು. ಕೈ ಪೂರ್ತಿ ಚಾಚಿ ಹೆಬ್ಬೆರಳು ನೋಡಿ. ಹೆಚ್ಚುಕಡಿಮೆ ಅದರ ಅಗಲ ಅಷ್ಟೇ, ಸುಮಾರು 2 ಡಿಗ್ರಿ. ಉಳಿದದ್ದೆಲ್ಲ ಮಸುಕು. ಆ ಮಸುಕನ್ನು ಮಿದುಳು ಊಹೆಯಿಂದ ತುಂಬಿಕೊಳ್ಳುತ್ತದೆ.

ಪದ ಪರಿಚಯದ್ದಾದಷ್ಟೂ ಊಹೆ ಜಾಸ್ತಿ. 1976ರಲ್ಲಿ ಮನೋವಿಜ್ಞಾನಿ ಆಲಿಸ್ ಹೀಲಿ ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಬರಹದಲ್ಲಿ ‘ಟಿ’ ಅಕ್ಷರ ಬಂದಲ್ಲೆಲ್ಲ ಗುರುತು ಹಾಕಬೇಕು. ಟಿ-ಎಚ್-ಇ ಸೇರಿ ಆಗುವ ಪುಟ್ಟ ಪದದಲ್ಲೇ ಜನ ಅದನ್ನು ಹೆಚ್ಚಾಗಿ ಬಿಟ್ಟುಬಿಟ್ಟರು. ಸಾಲು ಸಾಲಿಗೂ ಸಿಗುವ ಪದ, ಅದನ್ನು ಅಕ್ಷರ ಬಿಡಿಸಿ ನೋಡುವವರು ಯಾರು?

ಹಾಗಾದರೆ ನಾವೇ ಬರೆದ ವಾಕ್ಯದ ಗತಿ ಏನು? ಅದು ಮೊದಲೇ ತಲೆಯಲ್ಲಿದೆ. ನನ್ನ ತಲೆಯಲ್ಲಿ ‘ಬೆಳೆ’ ಇತ್ತು, ನಾಲ್ಕು ಸಲವೂ ನಾನು ಅದನ್ನೇ ಓದಿದ್ದೆ. ಬರೆದದ್ದನ್ನು ಕೆಲವು ದಿನ ಪಕ್ಕಕ್ಕಿಡಿ ಅಂತ ಹಿರಿಯರು ಹೇಳುವುದು ಸುಮ್ನೆ ಅಲ್ಲ. ನೆನಪು ಮಾಸಿದಂತೆ ವಾಕ್ಯ ಬೇರೆಯವರದ್ದಾಗುತ್ತದೆ.

ಅಷ್ಟು ದಿನ ಇಲ್ಲದಿದ್ದರೆ ಗಟ್ಟಿಯಾಗಿ ಓದಿ. ಕನ್ನಡದಲ್ಲಿ ಇದರ ಲಾಭ ದೊಡ್ಡದು, ಯಾಕೆಂದರೆ ಬರೆದದ್ದನ್ನು ಬಹುಮಟ್ಟಿಗೆ ಹಾಗೇ ಉಚ್ಚರಿಸುತ್ತೇವೆ. ‘ಲ’ಗೆ ನಾಲಗೆ ತುದಿ ಹಲ್ಲಿನ ಹಿಂದೆ ತಾಗಿದರೆ ಸಾಕು. ‘ಳ’ಗೆ ಅದು ಮೇಲಕ್ಕೆ ಮಡಚಬೇಕು. ಕಣ್ಣು ದಾಟಿಸಿದ್ದನ್ನು ಬಾಯಿ ತಡೆಯುವುದು ಇಲ್ಲೇ. ಆದರೆ ಅವಸರ ಬೇಡ. ಓದುವಾಗ ಕಣ್ಣು ದನಿಗಿಂತ ಒಂದೆರಡು ಪದ ಮುಂದಿರುತ್ತದೆ, ವೇಗ ಹೆಚ್ಚಾದರೆ ಬಾಯಿಯೂ ಊಹೆಯನ್ನೇ ಹೇಳಿಬಿಡುತ್ತದೆ.

ಈಗ ನಾನು ಕೊನೆಯ ಸಲ ಓದುವಾಗ ಕಡೆಯ ವಾಕ್ಯದಿಂದ ಮೇಲಕ್ಕೆ ಬರುತ್ತೇನೆ. ಹಿಂದಿನ ವಾಕ್ಯ ಗೊತ್ತಿಲ್ಲದಂತೆ ನಿಂತಾಗ ಮಿದುಳಿಗೆ ಊಹಿಸಲು ಹೆಚ್ಚೇನೂ ಸಿಗದು. ಅದೇ ರಾಗಿ ಲೇಖನವನ್ನು ಹಾಗೆ ಓದಿದೆ. ಕೆಳಗಿನಿಂದ ಮೂರನೇ ಸಾಲಿನಲ್ಲಿ ಹೆಂಗಸರು ಹೊಲದಲ್ಲಿ ‘ಕಲೆ’ ಕೀಳುತ್ತಿದ್ದರು.